ಗುಡುಗು ನೆಲಕ್ಕೆ ಕೂತ ದಿನ

ಒಂದಾನೊಂದು ಕಾಲದಲ್ಲಿ ಒಂದು ಗುಡುಗು ಇತ್ತಂತೆ. ಅದಕ್ಕೆ ಹಕ್ಕಿಯ ಹಾಡನ್ನು ಒಮ್ಮೆಯಾದರೂ ಹತ್ತಿರದಿಂದ ಕೇಳಬೇಕೆಂಬ ಆಸೆ. ‘ಹಾಡು’ ಎನ್ನಲು ಅದು ಬಾಯಿ ತೆರೆದರೆ ಸಾಕು, ಮರಕ್ಕೆ ಮರವೇ ಖಾಲಿ. ಕೊನೆಗೆ ಗುಡುಗು ಮೋಡದೊಳಗೆ ಕೂತು ತೀರ್ಮಾನ ಮಾಡಿತಂತೆ: ಹಕ್ಕಿಗಳು ಹಾಡುವುದೇ ಇಲ್ಲ, ಜನ ಸುಮ್ಮನೆ ಬುರುಡೆ ಬಿಡುತ್ತಾರೆ.

ನಮ್ಮ ಗುಡುಗು ಸಾಹೇಬರು ಆ ಹೊತ್ತಿಗೆ ಸರಿಯಾಗಿ ಬೂಟಿನ ಲೇಸು ಬಿಚ್ಚುತ್ತಿದ್ದರು.

“ಬೂಟೂ ಬಿಚ್ಚಬೇಕಾ ಮೇಡಂ?”

“ಬೂಟೂ ಬಿಚ್ಚಬೇಕು, ಬೆಲ್ಟೂ ಬಿಚ್ಚಬೇಕು. ಆ ಲಾಠಿ ಯಾಕೆ ತಂದ್ರಿ?”

“ಅಭ್ಯಾಸ.”

“ಕ್ಯಾಮೆರಾ, ಅದನ್ನ ತಗೊಂಡು ಹೋಗಿ ಎಲ್ಲಾದ್ರೂ ಬಚ್ಚಿಡಮ್ಮ.”

ಕ್ಯಾಮೆರಾ ಎಂದರೆ ಠಾಣೆಯ ಮಹಿಳಾ ಪೇದೆ. ಒಮ್ಮೆ ನೋಡಿದ್ದನ್ನು, ಒಮ್ಮೆ ಕೇಳಿದ್ದನ್ನು ಮರೆಯದ ಹೆಣ್ಣು. ಅದಕ್ಕೇ ಆ ಹೆಸರು. ಅವಳು ಲಾಠಿಯನ್ನು ಎರಡು ಬೆರಳಲ್ಲಿ ಹಿಡಿದು, ಸತ್ತ ಹಾವನ್ನು ಸಾಗಿಸುವವಳಂತೆ ಹೊರಟಳು. ಇನ್‌ಸ್ಪೆಕ್ಟರಿಗೆ ಗುಡುಗು ಎಂಬ ಹೆಸರಿಟ್ಟವಳೂ ಇವಳೇ ಎಂದು ಠಾಣೆಯಲ್ಲಿ ಗುಸುಗುಸು ಇತ್ತು.

ಆಗಿದ್ದು ಇಷ್ಟು: ದೊಡ್ಡ ಲಾಂಡ್ರಿ ಕಾರ್ಖಾನೆಯೊಂದು ತನ್ನ ಕೆಲಸಗಾರರ ಮಕ್ಕಳಿಗೆಂದು ನಡೆಸುವ ಶಿಶುವಿಹಾರದಿಂದ ಗುಂಡನೆಂಬ, ಇನ್ನೂ ನೆಟ್ಟಗೆ ಹೆಜ್ಜೆಯಿಡಲು ಬಾರದ ಕೂಸು ಕಾಣೆಯಾಗಿತ್ತು. ಅವನ ಅಕ್ಕ, ಆರು ವರ್ಷದ ಕಡ್ಡಿ, ‘ಡ್ರೈವರ್ ಮಾಮ’ ಎಂದಿದ್ದಕ್ಕೆ ಲಾಂಡ್ರಿಯ ಲಾರಿ ಡ್ರೈವರ್ ಲಾಕಪ್ಪು ಸೇರಿದ್ದ.

ಆ ಡ್ರೈವರನನ್ನು ಮಧ್ಯಾಹ್ನ ಕೋರ್ಟಿಗೆ ಒಯ್ಯಬೇಕಿತ್ತು. ಕೂಸು ಮಾತ್ರ ಇನ್ನೂ ಸಿಕ್ಕಿರಲಿಲ್ಲ. ಹೊಡೆದರೂ ಬಡಿದರೂ ಡ್ರೈವರನದು ಒಂದೇ ಮಾತು: ‘ನನ್ನ ಲಾರೀಲಿ ಬಟ್ಟೆ ಬಿಟ್ರೆ ಏನೂ ಇರ್ಲಿಲ್ಲ ಸಾರ್.’

ಈ ಗಡಿಬಿಡಿಯ ನಡುವೆಯೇ ಠಾಣೆಗೆ ತರಬೇತಿ ಬಂದಿತ್ತು. ಮಕ್ಕಳ ಪ್ರಕರಣಗಳಲ್ಲಿ ಪೊಲೀಸರು ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಕಲಿಸಲು ಬಂದ ಮೇಡಮ್ಮು ಗಿಡ್ಡಗೆ, ತೆಳ್ಳಗೆ, ಕನ್ನಡಕದ ದಾರ ಕುತ್ತಿಗೆಗೆ ಹಾಕಿಕೊಂಡವರು. ಬೆನ್ನ ಹಿಂದೆ ಎಲ್ಲರೂ ಅವರನ್ನು ಟೀಚರಮ್ಮ ಎಂದೇ ಕರೆದರು. ಬೆಳಿಗ್ಗೆ ಅವರು ಪಾಠ ಶುರು ಮಾಡಿದ್ದು ಗುಡುಗು ಸಾಹೇಬರಿಂದಲೇ.

“ಇನ್‌ಸ್ಪೆಕ್ಟರೇ, ನೀವು ಕೂತಿರೋ ಕುರ್ಚಿ ಯಾವ ಬಣ್ಣ?”

“ಕಪ್ಪು.”

ಟೀಚರಮ್ಮ ಕನ್ನಡಕದ ಮೇಲಿನಿಂದ ನೋಡಿದರು. “ಕುರ್ಚಿ ಯಾವ ಬಣ್ಣ?”

“ಕಪ್ಪು ಮೇಡಂ.”

“ಸರಿಯಾಗಿ ನೋಡಿ ಹೇಳಿ. ಯಾವ ಬಣ್ಣ?”

ಗುಡುಗು ಸಾಹೇಬರು ಎದ್ದರು. ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿದರು. ಹಿಂದೆ ಯಾರೋ ಕಿಸಕ್ಕೆಂದರು.

“ಕಡು... ಕಂದು ಅನ್ನಬಹುದೇನೋ.”

“ಕುರ್ಚಿ ಕಪ್ಪೇ,” ಎಂದರು ಟೀಚರಮ್ಮ. “ನಿಮ್ಮಂಥ ಆಳೇ ಮೂರನೇ ಸಲಕ್ಕೆ ಬಣ್ಣ ಬದಲಾಯಿಸಿದ್ರಿ. ಕಳ್ಳನಿಗೆ ಒಂದೇ ಪ್ರಶ್ನೆ ಹತ್ತು ಸಲ ಕೇಳ್ತೀರಿ, ಅವನು ಸುಳ್ಳಲ್ಲಿ ಸಿಕ್ಕಿಬೀಳ್ತಾನೆ. ಮಗೂಗೆ ಎರಡನೇ ಸಲ ಕೇಳಿದ್ರೆ ಅದು ಏನಂದ್ಕೊಳ್ಳತ್ತೆ? ಮೊದಲು ಹೇಳಿದ್ದು ತಪ್ಪಾಯ್ತು, ದೊಡ್ಡವರಿಗೆ ಬೇರೆ ಉತ್ತರ ಬೇಕು ಅಂದ್ಕೊಳ್ಳತ್ತೆ. ಪಾಪ, ಹುಡುಕಿ ಹುಡುಕಿ ಬೇರೇದು ತಂದುಕೊಡತ್ತೆ.”

ನಗು ನಿಂತಿತು. ಟೀಚರಮ್ಮ ಮೆಲ್ಲಗೆ ಕೇಳಿದರು: “ನಿಮ್ಮ ಕಡ್ಡಿ ಮೊಟ್ಟಮೊದಲ ಸಲ ಏನು ಹೇಳಿದ್ಳು?”

ಯಾರಿಗೂ ನೆನಪಿರಲಿಲ್ಲ. ಎಲ್ಲರ ಕಣ್ಣೂ ಕ್ಯಾಮೆರಾಳ ಕಡೆ ತಿರುಗಿತು.

“ತಮ್ಮನ್ನ ಎತ್ಕೊಂಡು ಹೋಗಿದ್ದು ಯಾರು ಅಂತ ಕೇಳಿದ್ವಿ ಮೇಡಂ. ‘ನಾನು’ ಅಂದ್ಳು. ನಾವೆಲ್ಲ ನಕ್ವಿ. ತಮಾಷೆ ಸಾಕು, ಸರಿಯಾಗಿ ಹೇಳು ಅಂದ್ವಿ. ಆಮೇಲೆ ‘ಗೊತ್ತಿಲ್ಲ’ ಅಂದ್ಳು. ಆಮೇಲೆ ‘ಒಬ್ರು ಅಂಕಲ್’. ಕೊನೇಗೆ ಸಾಹೇಬ್ರು ಬಂದು ಕೇಳಿದ್ರು.”

ಸಾಹೇಬರು ಹೇಗೆ ಕೇಳಿದರೆಂಬುದನ್ನು ಅವಳು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಹಾಗಾಗಿ ಇದು ಕೊನೆಯ ಅವಕಾಶ. ಟೀಚರಮ್ಮ ದೊಡ್ಡ ಸಾಹೇಬರ ಕೈಕಾಲು ಹಿಡಿದು ಒಂದೇ ಒಂದು ಸಲ ಮಗುವಿನ ಮಾತು ಕೇಳಲು ಒಪ್ಪಿಗೆ ಪಡೆದಿದ್ದರು. ಇದೂ ಕೆಟ್ಟರೆ ಡ್ರೈವರ್ ಜೈಲಿಗೆ. ಗುಂಡನೆಲ್ಲಿ ಎಂಬುದು ಕಡ್ಡಿಯ ಪುಟ್ಟ ತಲೆಯೊಳಗೇ ಉಳಿದು, ಬೆಳೆಯುತ್ತ ಬೆಳೆಯುತ್ತ ಅವಳಿಗೂ ಮರೆತುಹೋಗಬಹುದು.

“ನೀವೇ ಕೇಳಿಸ್ಕೊಳ್ಳಿ ಮೇಡಂ,” ಎಂದು ಗುಡುಗು ಸಾಹೇಬರು ಅಂಗಲಾಚಿದ್ದರು. “ನನ್ನ ಮುಖ ಕಂಡ್ರೇನೇ ಅದು ಹೆದರತ್ತೆ.”

“ಅದಕ್ಕೇ ನೀವೇ. ಹೆದರಿಸಿದವರೇ ಹೋಗಿ ‘ನಿನ್ನ ತಪ್ಪಲ್ಲ’ ಅನ್ನಬೇಕು. ಮತ್ತೆ, ನಾನು ನಾಳೆ ಇನ್ನೊಂದು ಠಾಣೆಗೆ ಹೋಗ್ತೀನಿ. ನಿಮ್ಮಲ್ಲಿಗೆ ನಾಳೇನೂ ಮಕ್ಕಳು ಬರ್ತವೆ.”

ಷರತ್ತು ಒಂದೇ. ಮಗು ತಾನಾಗಿ ‘ಅಷ್ಟೇ’ ಎನ್ನುವ ತನಕ ಒಂದೂ ಪ್ರಶ್ನೆ ಕೇಳುವಂತಿಲ್ಲ. ಕಥೆ ಕೇಳುವಾಗ ಹೂಂಗುಟ್ಟುವಂತೆ ‘ಹೂಂ’ ಎನ್ನಬಹುದು. ಗುಡುಗು ಸಾಹೇಬರು ಮಾತು ಕೊಟ್ಟಿದ್ದರು. ಮಾತು ಕೊಡುವಾಗ, ಮಗು ಎಷ್ಟು ಹೊತ್ತು ಮಾತಾಡೀತು ಎಂದುಕೊಂಡಿದ್ದರು.

ಕೋಣೆ ಮೊದಲು ಹಳೆಯ ಕುರ್ಚಿ ಮೇಜು ತುಂಬುವ ಉಗ್ರಾಣವಾಗಿತ್ತು. ಈಗ ಗೋಡೆಗೆ ತಿಳಿ ಬಣ್ಣ, ನೆಲಕ್ಕೊಂದು ತೆಳು ಚಾಪೆ, ಬಣ್ಣದ ಪೆನ್ಸಿಲ್‌ಗಳ ಡಬ್ಬಿ, ಮೂಲೆಯಲ್ಲಿ ಕೆಂಪು ಚುಕ್ಕಿ ಮಿನುಗುವ ವಿಡಿಯೋ. ಪಕ್ಕದ ಕೋಣೆಯಲ್ಲಿ ಟೀಚರಮ್ಮ ಪರದೆಯ ಮುಂದೆ ಕೂತು ನೋಡುತ್ತಾರೆ. ಉಗ್ರಾಣವಾಗುವುದಕ್ಕೂ ಹಿಂದೆ ನೆಲಕ್ಕೆ ದಪ್ಪ ಜಮಖಾನ ಇತ್ತೆಂದು ಬಾಗಿಲಿನ ಬುಡವನ್ನು ಕೊಯ್ದಿದ್ದರು. ಜಮಖಾನ ಹೋಗಿ ಸಂದು ಉಳಿದಿತ್ತು.

ಬಾಗಿಲಾಚೆಯ ಬೆಂಚಿನಲ್ಲಿ ಕಡ್ಡಿಯ ತಾಯಿ, ಶಿಶುವಿಹಾರದ ಆಯಮ್ಮ, ನಡುವೆ ಕಡ್ಡಿ. ತಾಯಿ ಕೆಲಸದ ಸಮವಸ್ತ್ರದಲ್ಲೇ ಬಂದಿದ್ದಳು, ಲಾಂಡ್ರಿಯವರು ಕೊಡುವ ಬಿಳಿ ಕ್ಯಾನ್ವಾಸ್ ಬೂಟು ಸಮೇತ. ಅತ್ತು ಅತ್ತು ಕಣ್ಣು ಊದಿತ್ತು. ಜಗಳವಾಡಿ ಬೇರೆ ಇರುವ ಗಂಡ ಬಂದಿರಲಿಲ್ಲ.

“ಡ್ರೈವರಣ್ಣನಿಗೆ ಇನ್ನು ಹೊಡೀಬೇಡಿ ಸಾರ್,” ಎಂದಳು ನೆಲ ನೋಡುತ್ತ. ಡ್ರೈವರ್ ಲಾಕಪ್ಪು ಸೇರಿದಾಗಿನಿಂದಲೂ ಅವಳದು ಇದೊಂದೇ ಬೇಡಿಕೆ. ಎಂಥ ದೊಡ್ಡ ಮನಸ್ಸು ಎಂದು ಗುಡುಗು ಸಾಹೇಬರು ಪ್ರತಿಸಲವೂ ಅಂದುಕೊಳ್ಳುತ್ತಿದ್ದರು.

ಆಯಮ್ಮ ಎದ್ದು ಕಡ್ಡಿಯ ಕೈ ಹಿಡಿದಳು. ನೀಲಿ ರಬ್ಬರ್ ಚಪ್ಪಲಿ, ನುಣ್ಣಗೆ ಬಾಚಿದ ತಲೆ, ಹೆಗಲಲ್ಲಿ ಬಟ್ಟೆಯ ಚೀಲ. “ಬಾ ಬಂಗಾರಿ, ಒಳಗೆ ಹೋಗೋಣ.”

“ನೀವು ಇಲ್ಲೇ ಇರಿ ಆಯಮ್ಮ,” ಎಂದರು ಗುಡುಗು ಸಾಹೇಬರು.

“ನಾನು ಇಲ್ದೆ ಮಗು ಬಾಯಿ ಬಿಡಲ್ಲ ಸಾರ್. ಪ್ರತಿಸಲ ನಾನೇ ಪಕ್ಕದಲ್ಲಿ ಕೂತಿರಲಿಲ್ವಾ?”

“ಕೂತಿದ್ರಿ. ಈ ಸಲ ಬೇಡ.”

“ಹೆದರಿ ಜ್ವರ ಬಂದ್ರೆ ಯಾರು ನೋಡ್ಕೊಳ್ತಾರೆ? ನೀವಾ?” ಆಯಮ್ಮ ನಕ್ಕಳು. ಕೈ ಬಿಡಲಿಲ್ಲ. “ಮಕ್ಕಳು ಸಾಕೋದು ಕಳ್ಳರ ಹಿಡಿದಷ್ಟು ಸುಲಭ ಅಲ್ಲ ಸಾರ್.”

“ಗೊತ್ತು. ಅದಕ್ಕೇ ಕಲೀತಾ ಇದೀನಿ. ಕೈ ಬಿಡಿ ಆಯಮ್ಮ.”

ಅವರ ದನಿ ಏರಲಿಲ್ಲ. ಏರದೆ ಇದ್ದದ್ದು ಅವರಿಗೇ ಹೊಸದು. ಆಯಮ್ಮನ ನಗು ತುಟಿಯಲ್ಲೇ ಉಳಿದು, ಕಣ್ಣಿನಿಂದ ಮಾತ್ರ ಇಳಿದುಹೋಯಿತು. ಅವಳು ಕೈಬಿಟ್ಟು ಸರಕ್ಕನೆ ಕೂತಾಗ ಚೀಲ ಓರೆಯಾಯಿತು. ಒಳಗೊಂದು ಹಾಲಿನ ಬಾಟಲಿ, ರಬ್ಬರ್ ತೊಟ್ಟಿನದು, ಈಗಷ್ಟೇ ತೊಳೆದಂತೆ ಒಳಗೆ ನೀರಹನಿ. ಆಯಮ್ಮನ ಚೀಲದಲ್ಲಿ ಬಾಟಲಿ ಇರದೆ ಬಂದೂಕು ಇರುತ್ತದೆಯೆ ಎಂದುಕೊಂಡು ಗುಡುಗು ಸಾಹೇಬರು ಕಡ್ಡಿಯ ಹಿಂದೆ ಒಳಗೆ ನಡೆದರು.

ನೆಲಕ್ಕೆ ಕೂರುವುದು ಸುಲಭವಿರಲಿಲ್ಲ. ಮೊಣಕಾಲು ಎರಡೂ ಬೇರೆಬೇರೆ ರಾಗದಲ್ಲಿ ಸದ್ದು ಮಾಡಿದವು. ಕೂತಮೇಲೆ ಗೊತ್ತಾಯಿತು, ಇಲ್ಲಿಂದ ಲೋಕ ಬೇರೆಯೇ ಇದೆ. ಕಿಟಕಿ ಆಕಾಶಕ್ಕೆ ಹೋಗಿತ್ತು. ಬಾಗಿಲ ಹಿಡಿ ತಲೆಯ ಮೇಲಿತ್ತು. ಈ ಎತ್ತರದಿಂದ ತಾನು ಹೇಗೆ ಕಂಡಿರಬೇಕು?

ಕಡ್ಡಿ ಗೋಡೆಗೆ ಒರಗಿ, ಬಲಗೈ ಮುಷ್ಟಿ ಮಾಡಿ ಹೊಟ್ಟೆಗೆ ಒತ್ತಿಕೊಂಡು ಕೂತಿದ್ದಳು.

ಗುಡುಗು ಸಾಹೇಬರು ಕಲಿತ ಮಾತನ್ನು ಮನಸ್ಸಿನಲ್ಲಿ ಒಮ್ಮೆ ಹೇಳಿಕೊಂಡರು. ಎಷ್ಟೋ ಜನರ ಎದುರು ಮೇಜು ಗುದ್ದಿ ‘ನಂಗೆಲ್ಲಾ ಗೊತ್ತು, ನಿಜ ಬೊಗಳು’ ಎಂದ ಬಾಯದು. ಅದೇ ಬಾಯಿಗೆ ಈಗ ತದ್ವಿರುದ್ಧದ ಮಾತು ಬರಬೇಕಿತ್ತು.

“ಪುಟ್ಟಿ, ನಂಗೆ... ನಂಗೆ ಗೊತ್ತಿಲ್ಲ. ಅವತ್ತು ನಾನು ಅಲ್ಲಿರ್ಲಿಲ್ಲ. ಮೊದಲು ನೀನು ಹೇಳಿದ್ದು ತಪ್ಪು ಅಂತ ನಾವು ಮತ್ತೆ ಮತ್ತೆ ಕೇಳಿದ್ದಲ್ಲ. ನಮಗೆ ಅರ್ಥ ಆಗಿರ್ಲಿಲ್ಲ, ಅಷ್ಟೇ. ಅವತ್ತು ಏನೇನಾಯ್ತೋ ಮೊದಲಿಂದ ಕೊನೆ ತನಕ ಹೇಳು. ನಾನು ಕೇಳಿಸ್ಕೊಳ್ತೀನಿ.”

ಕಡ್ಡಿ ಅವರ ಕಾಲನ್ನೇ ನೋಡುತ್ತಿದ್ದಳು.

ಹೊರಗೆ ಎಲ್ಲೋ ಫೋನು ಬಡಿದುಕೊಂಡು ನಿಂತಿತು. ನೂರು ಪ್ರಶ್ನೆಗಳು ಸಾಹೇಬರ ಗಂಟಲಲ್ಲಿ ಸಾಲುಗಟ್ಟಿದವು. ಅವರು ಸುಮ್ಮನೆ ಕೂತರು. ಇನ್ನೂ ಸುಮ್ಮನೆ ಕೂತರು.

“ಮಾಮ,” ಎಂದಳು ಕಡ್ಡಿ ಕೊನೆಗೂ. “ನಿನ್ನ ಹೆಬ್ಬೆರಳು ಹೊರಗೆ ಬಂದಿದೆ.”

ನಿಜವೇ. ಬೂಟು ಬಿಚ್ಚಿದ ಕಾಲಿನ ಕಾಲುಚೀಲ ತೂತಾಗಿ, ಹೆಬ್ಬೆರಳು ಬಿಲದಿಂದ ಇಣುಕುವ ಇಲಿಯಂತೆ ನೋಡುತ್ತಿತ್ತು. ಪಕ್ಕದ ಕೋಣೆಯಲ್ಲಿ ಟೀಚರಮ್ಮ ನಗುತ್ತಿರಬೇಕು.

“ಹೂಂ,” ಎಂದರು ಸಾಹೇಬರು, ಕಾಲು ಎಳೆದುಕೊಳ್ಳದೆ.

“ಗುಂಡಂದೂ ಹಂಗೇ. ಅವನು ಸಾಕ್ಸ್ ಕಚ್ಚಿ ಕಚ್ಚಿ ತೂತು ಮಾಡ್ತಾನೆ.” ಕಡ್ಡಿ ಮುಷ್ಟಿ ಬಿಚ್ಚಿದಳು. ಬೆರಳಿಗೆ ಗೊಂಬೆಯಂತೆ ಹಾಕಿಕೊಂಡ ಹಳದಿ ಸಾಕ್ಸ್. ಅಂಗೈಯಷ್ಟೂ ಇಲ್ಲ.

ಸಾಹೇಬರು ಮುಂದಕ್ಕೆ ಬಾಗಿದರು.

ಕಾಣೆಯಾದ ಕೂಸಿನ ಗುರುತು ಅವರಿಗೆ ಬಾಯಿಪಾಠವಿತ್ತು. ಎರಡೂ ಕಾಲಿಗೆ ಹಳದಿ ಸಾಕ್ಸ್. ಶಿಶುವಿಹಾರದ ಮೂಲೆಮೂಲೆ ಜಾಲಾಡಿದರೂ ಒಂದು ದಾರ ಸಿಕ್ಕಿರಲಿಲ್ಲ. ಗುಂಡನ ಜೊತೆ ಹೋದ ಸಾಕ್ಸ್ ಗುಂಡನಿಲ್ಲದೆ ಇಲ್ಲಿ ಬಂದದ್ದು ಹೇಗೆ?

‘ಎಲ್ಲಿ ಸಿಕ್ತು ಇದು’ ಎಂಬುದು ನಾಲಗೆಯ ತುದಿಗೆ ಬಂತು. ಅವರು ಅದನ್ನು ನುಂಗಿದರು. ನುಂಗಿದ್ದು ಅರ್ಧದಲ್ಲಿ ಸಿಕ್ಕಿಕೊಂಡು, ಕೆಮ್ಮಿನಂಥ ಒಂದು ‘ಹೂಂ’ ಆಗಿ ಹೊರಬಿತ್ತು.

ಕಡ್ಡಿಗೆ ಅಷ್ಟು ಸಾಕಾಯಿತು.

“ಅವತ್ತು ಗುಂಡನಿಗೆ ಮೂಗು ಸೋರ್ತಿತ್ತು. ಕೈ ತಣ್ಣಗಿತ್ತು. ನಾನು ಊದಿದೆ. ಊದಿದ್ರೂ ತಣ್ಣಗೇ ಇತ್ತು.”

“ಹೂಂ.”

“ಅದಕ್ಕೆ ಬಿಳೀ ಬೆಟ್ಟಕ್ಕೆ ಕರ್ಕೊಂಡು ಹೋಗೋಣ ಅಂದ್ಕೊಂಡೆ. ಆದ್ರೆ ಮಧ್ಯ ಆನೆಗಳಿದಾವಲ್ಲ.”

ಯಾವ ಬೆಟ್ಟ, ಎಲ್ಲಿಯ ಆನೆ. ಸಾಹೇಬರು ಬೆರಳನ್ನು ಬೆರಳಿಗೆ ಹೆಣೆದುಕೊಂಡು ಕಾದರು. ಕಾದವರಿಗೆ ಎಲ್ಲವೂ ಒಂದೊಂದಾಗಿ ಬಂತು.

ಆನೆಗಳ ಹೊಟ್ಟೆ ದುಂಡಗೆ, ಗಾಜಿನದು. ಒಳಗೆ ಬಟ್ಟೆ ತಿರುಗುತ್ತದೆ. ಗುರ್ ಎನ್ನುತ್ತವೆ, ಆದರೆ ಕಟ್ಟಿಹಾಕಿದ್ದಾರೆ, ಏನೂ ಮಾಡುವುದಿಲ್ಲ. ಆನೆ ದಾಟಿದರೆ ಮೋಡ. ಮೋಡ ಬಿಸಿಯಿರುತ್ತದೆ, ಅದರೊಳಗೆ ಅಮ್ಮಂದಿರು ಕಾಣುವುದಿಲ್ಲ, ಬರೀ ಕೆಮ್ಮು ಕೇಳುತ್ತದೆ. ಮೋಡದಾಚೆ ಬಿಳೀ ಬೆಟ್ಟ. ಇಸ್ತ್ರಿಯಾಗಿ ಬಿದ್ದ ಹಾಸು ಹೊದಿಕೆಗಳು ಚಕ್ರದ ಗಾಡಿ ತುಂಬ. ಕೆನ್ನೆ ಇಟ್ಟರೆ ನಿದ್ದೆ ಬರುವಷ್ಟು ಬೆಚ್ಚಗೆ.

ಗುಡುಗು ಸಾಹೇಬರು ಆ ಕಾರ್ಖಾನೆಯ ನೆಲವನ್ನು ಟೇಪು ಹಿಡಿದು ಅಳೆದಿದ್ದರು. ಯಂತ್ರ ನೋಡಿದ್ದರು, ಹಬೆ ನೋಡಿದ್ದರು, ಗಾಡಿಗಳನ್ನೂ ನೋಡಿದ್ದರು. ಬೆಟ್ಟ ಕಂಡಿರಲಿಲ್ಲ. ಒಂದು ಪುಟ್ಟ ಹೆಣ್ಣು, ತನ್ನ ಅರ್ಧ ತೂಕದ ತಮ್ಮನನ್ನು ಸೊಂಟಕ್ಕೆ ಏರಿಸಿ, ಆನೆಗಳ ನಡುವೆ, ಮೋಡದ ಒಳಗೆ, ಬೆಚ್ಚನೆಯ ಬೆಟ್ಟ ಹುಡುಕಿಕೊಂಡು ಹೋಗುವುದು ಈಗ ಅವರ ಕಣ್ಣಿಗೆ ಕಟ್ಟಿತು. ಇಡೀ ನೌಕರಿಯಲ್ಲಿ ಎಷ್ಟು ಜನರ ಹೇಳಿಕೆ ತೆಗೆದುಕೊಂಡಿದ್ದರು. ಒಬ್ಬರಿಗಾದರೂ ಹೀಗೆ ಹೇಳಲು ಬಿಟ್ಟಿದ್ದರೆ?

“ನಾನೇ ಎತ್ಕೊಂಡು ಹೋದೆ,” ಎಂದಳು ಕಡ್ಡಿ. “ನಾನು ಅಂತ ಹೇಳಿದ್ನಲ್ಲ. ಅವರು ನಕ್ಕರು.”

“ಹೂಂ,” ಎಂದರು ಸಾಹೇಬರು. ಈ ಸಲ ದನಿ ಒದ್ದೆಯಾಗಿತ್ತು.

“ಬೆಟ್ಟದಲ್ಲಿ ಮಲಗಿಸ್ದೆ. ಮೇಲೆ ಒಂದು ಹೊದಿಸ್ದೆ. ಗುಂಡ ಹೀಂಗಂದ.” ಕಡ್ಡಿ ಕಣ್ಣು ಮುಚ್ಚಿ, ಬಾಯಿ ಚಪ್ಪರಿಸಿ ತೋರಿಸಿದಳು. “ನಿದ್ದೆ ಮಾಡ್ಬಿಟ್ಟ. ಆಮೇಲೆ ಆಯಮ್ಮ ಬಂದ್ರು.”

ಗೋಡೆಯ ಮೂಲೆಯ ಕೆಂಪು ಚುಕ್ಕಿ ಮಿನುಗಿತು.

“ಬೈತಾರೆ ಅಂತ ನಾನು ಗಾಡಿ ಹಿಂದೆ ಕೂತ್ಕೊಂಡೆ. ಅವರು ಗುಂಡನ್ನ ನೋಡಿದ್ರು. ಸುಮಾರು ಹೊತ್ತು ನೋಡಿದ್ರು. ಬೈಲಿಲ್ಲ. ಮೇಲೆ ಇನ್ನೊಂದು ಹೊದ್ಸಿ ಗಾಡಿ ತಳ್ಕೊಂಡು ಹೋದ್ರು. ಲಾರಿ ಕಡೆ ಅಲ್ಲ. ಆ ಕಡೆ, ಹಿಂದಿನ ಬಾಗಿಲಿಗೆ.”

ಡ್ರೈವರನ ಒಡೆದ ತುಟಿ ಸಾಹೇಬರ ಕಣ್ಣ ಮುಂದೆ ಬಂದು ನಿಂತಿತು.

ಅದರ ಬೆನ್ನಿಗೇ ಇನ್ನೊಂದು. ಹಾಲಿನ ಬಾಟಲಿ. ಶಿಶುವಿಹಾರಕ್ಕೆ ಬೀಗ ಹಾಕಿ ಅರಗಿನ ಮೊಹರು ಒತ್ತಿದ್ದು ತಾವೇ. ಅವತ್ತಿನಿಂದ ಅಲ್ಲಿಗೆ ಒಂದು ಕೂಸೂ ಬಂದಿಲ್ಲ. ಆರು ವರ್ಷದ ಕಡ್ಡಿ ಬಾಟಲಿಯಲ್ಲಿ ಹಾಲು ಕುಡಿಯುವುದಿಲ್ಲ. ಹಾಗಾದರೆ ಈಗಷ್ಟೇ ತೊಳೆದ ಆ ಬಾಟಲಿಯ ಹಾಲು ಕುಡಿದವರು ಯಾರು?

ಗುಂಡ ಬದುಕಿದ್ದಾನೆ. ಇವತ್ತು ಬೆಳಿಗ್ಗೆಯೂ ಹಾಲು ಕುಡಿದಿದ್ದಾನೆ.

ಎದ್ದು ಬಾಗಿಲು ಒದ್ದು ಆಯಮ್ಮನ ರಟ್ಟೆ ಹಿಡಿಯಲು ಅವರ ಮೈಯೆಲ್ಲ ತುಡಿಯಿತು. ಆದರೆ ಕಡ್ಡಿ ಇನ್ನೂ ‘ಅಷ್ಟೇ’ ಎಂದಿರಲಿಲ್ಲ. ಕೊಟ್ಟ ಮಾತು ಎದೆಯ ಮೇಲೆ ಕಲ್ಲಿನಂತೆ ಕೂತಿತ್ತು. ಟೀಚರಮ್ಮನೂ ಕೇಳುತ್ತಿದ್ದಾರೆ, ಅವರು ನೋಡಿಕೊಳ್ಳುತ್ತಾರೆ ಎಂದು ತಮಗೆ ತಾವೇ ಹೇಳಿಕೊಂಡರು.

“ಮೊನ್ನೆ ಆಯಮ್ಮ ನಮ್ಮನೆಗೆ ಬಂದ್ರು,” ಕಡ್ಡಿ ಸಾಕ್ಸಿನ ಗೊಂಬೆಯನ್ನು ಕುಣಿಸುತ್ತ ಹೇಳಿದಳು. “ನಾನು ಊಟ ಮಾಡ್ತಿರ್ಲಿಲ್ಲ. ಗುಂಡ ಬೇಕು ಅಂತಿದ್ದೆ. ಅದಕ್ಕೆ ಈ ಸಾಕ್ಸ್ ಕೊಟ್ರು. ಗುಂಡ ಬೆಚ್ಚಗಿದಾನೆ, ಯಾರಿಗೂ ಹೇಳ್ಬೇಡ, ಹೇಳಿದ್ರೆ ಅವನು ವಾಪಸ್ ಬರಲ್ಲ ಅಂದ್ರು.” ಅವಳು ತಲೆಯೆತ್ತಿದಳು. “ನೀನು ಅಲ್ಲಿರ್ಲಿಲ್ಲ ಅಲ್ವಾ ಮಾಮ. ಅದಕ್ಕೆ ಹೇಳ್ದೆ. ಪಾಪ ಅನ್ನಿಸ್ತು.”

ನೆಲದ ಮೇಲೆ ಕೂತಿದ್ದ ಸಾಹೇಬರ ಕಣ್ಣು ತಾನಾಗಿ ಬಾಗಿಲ ಬುಡಕ್ಕೆ ಹೋಯಿತು. ಕುರ್ಚಿಯಲ್ಲಿ ಕೂತಿದ್ದರೆ ಆ ಸಂದು ಕಾಣುತ್ತಲೇ ಇರಲಿಲ್ಲ.

ಬೆಂಚಿನ ಹತ್ತಿರ ಇರಬೇಕಾಗಿದ್ದ ಕಾಲುಗಳು ಬಾಗಿಲಿಗೆ ಅಂಟಿ ನಿಂತಿದ್ದವು. ಎರಡು ನೀಲಿ ಚಪ್ಪಲಿ. ಪಕ್ಕದಲ್ಲಿ ಎರಡು ಬಿಳಿ ಕ್ಯಾನ್ವಾಸ್ ಬೂಟು.

ಓಡುವುದಾದರೆ ಈಗ ಓಡಬೇಕು ಎಂದು ಅವರು ನೀಲಿ ಚಪ್ಪಲಿಗಳನ್ನೇ ನೋಡಿದರು. ಅವು ಕದಲಲಿಲ್ಲ. ನೆಲದಲ್ಲಿ ಬೇರು ಬಿಟ್ಟಂತೆ ನಿಂತಿದ್ದವು.

ಕದಲಿದ್ದು ಬಿಳಿ ಬೂಟು. ಮೊದಲು ಹಿಮ್ಮಡಿ ಎದ್ದಿತು. ಆಮೇಲೆ ಮೆಲ್ಲಗೆ, ಒಂದಿಷ್ಟೂ ಸದ್ದಿಲ್ಲದೆ, ತಿರುಗಿತು. ಒಂದು ಹೆಜ್ಜೆ, ಇನ್ನೊಂದು. ಸಂದಿನಿಂದ ಬಿಳುಪು ಮಾಯವಾಗಿ, ಬರೀ ಬೆಳಕು ಉಳಿಯಿತು. ದೂರದಲ್ಲಿ ಓಟದ ಸದ್ದು ಕೇಳಿ ಆರಿತು.

ಡ್ರೈವರಣ್ಣನಿಗೆ ಹೊಡೀಬೇಡಿ ಸಾರ್.

ಗುಡುಗು ಸಾಹೇಬರು ಎರಡೂ ಅಂಗೈಯನ್ನು ನೆಲಕ್ಕೆ ಊರಿದರು. ಆದರೂ ಏಳಲಿಲ್ಲ. ಕಡ್ಡಿ ಸಾಕ್ಸನ್ನು ಬೆರಳಿಂದ ತೆಗೆದು, ಮಡಿಸಿ, ಅವರ ತೂತು ಕಾಲುಚೀಲದ ಹೆಬ್ಬೆರಳ ಮೇಲೆ ಜೋಪಾನವಾಗಿ ಹೊದಿಸುತ್ತಿದ್ದಳು.

“ಅವತ್ತು ಆಯಮ್ಮ ಸಾಕ್ಸ್ ಕೊಟ್ಟಾಗ ಅಮ್ಮನೂ ಅಲ್ಲೇ ಇದ್ಲು ಮಾಮ. ಅದನ್ನ ಮೂಸಿ ನೋಡಿದ್ಲು. ಅಳ್ತಾ ಅಳ್ತಾನೇ ನಕ್ಕಳು. ‘ಇನ್ನು ನಿಮ್ಮಪ್ಪನ ಕೈಗೆ ಸಿಗಲ್ಲ’ ಅಂದ್ಲು.”

ಅವಳು ಹೆಬ್ಬೆರಳನ್ನು ಒಮ್ಮೆ ತಟ್ಟಿದಳು, ಮಲಗಿಸುವವಳಂತೆ.

“ಅಷ್ಟೇ.”